ಲಿಫ್ಟಣ್ಣ ತೆಗೆಯದ ಮುಚ್ಚಳ

ಲಿಫ್ಟಣ್ಣನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ ಎಂದು ಆಣೆ ಮಾಡಿ ಹೇಳುವವರು ಅವನ ಬೀದಿಯಲ್ಲಿ ಹತ್ತು ಜನರಾದರೂ ಸಿಗುತ್ತಾರೆ. ಅವರಲ್ಲಿ ಒಬ್ಬರೂ ಅವನ ಮನೆಯ ಹಿಂಬದಿಯ ಕೋಣೆಗೆ ಕಾಲಿಟ್ಟವರಲ್ಲ, ಅದಕ್ಕೇ ಹಾಗೆ ಹೇಳುತ್ತಾರೆ.

ಹೊರಗಿನ ಲಿಫ್ಟಣ್ಣ ಬೇರೆಯೇ. ಇಪ್ಪತ್ತಮೂರು ವರ್ಷದಿಂದ ಲಿಫ್ಟ್ ರಿಪೇರಿ ಅವನ ಕಸುಬು. ಹನ್ನೊಂದನೇ ಮಹಡಿಯ ಬಾಗಿಲು ತೆರೆದು, ಕೆಳಗೆ ಕತ್ತಲು ಬಾಯಿ ಬಿಟ್ಟುಕೊಂಡಿರುವಾಗ, ಒಂದು ಕಾಲು ಅಂಚಿನ ಮೇಲೆ ಇನ್ನೊಂದು ಕಾಲು ಲಿಫ್ಟಿನ ನೆತ್ತಿಯ ಮೇಲೆ ಊರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಹಗ್ಗಕ್ಕೆ ಗ್ರೀಸ್ ಹಚ್ಚುವ ಆಸಾಮಿ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕಿರುಚಾಡುವವರಿಗೆ ಮೇಲಿನಿಂದ ತಲೆ ತೂರಿಸಿ, "ಯಾಕ್ ಹಿಂಗೆ ಕೂಗ್ತೀರಾ, ನಾನಿಲ್ವಾ? ಬಿದ್ರೆ ಎಲ್ರೂ ಒಟ್ಟಿಗೇ ಬೀಳೋಣ" ಎಂದು ನಗಿಸಿ ಒಬ್ಬೊಬ್ಬರನ್ನೇ ಕೈಹಿಡಿದು ಎಳೆದುಕೊಳ್ಳುತ್ತಾನೆ. ಅವನ ನಿಜವಾದ ಹೆಸರು ಹೆಂಡತಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತದೆ.

ಇನ್ನು ಆ ಕೋಣೆ. ಒಂದು ಕಿಟಕಿ, ಒಂದು ಮರದ ಮೇಜು, ಮೇಜಿನ ಮೇಲೆ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆ. ಇಬ್ಬರು ಸೇರಿ ಎತ್ತಿದರೂ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಎದುರಿಗೆ ಕಪ್ಪು ತಿರುಗುಣಿಗಳು, ಮುಳ್ಳು ನಡುಗುವ ಒಂದು ಮೀಟರು. ಅದು ಅರವತ್ತೊಂದು ವರ್ಷ ಹಳೆಯ ರೇಡಿಯೋ ಟ್ರಾನ್ಸ್‌ಮಿಟರ್, ಲಿಫ್ಟಣ್ಣನಿಗಿಂತ ಹದಿನೈದು ವರ್ಷ ದೊಡ್ಡದು. ಸ್ವಿಚ್ ಹಾಕಿದರೆ ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾಯುತ್ತವೆ, ಪೆಟ್ಟಿಗೆಯ ಹೊಟ್ಟೆಯಲ್ಲಿ ಏಳುನೂರೈವತ್ತು ವೋಲ್ಟ್ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ಅಷ್ಟೇ ಮುದಿಯಾದ ರಿಸೀವರ್, ಮುಂದೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬಡಿಯುವ ಕೀ. ಲಿಫ್ಟಣ್ಣ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವನು. ಇಲ್ಲಿ ಕೂತು ಕೀ ಬಡಿದರೆ ನೂರಾರು ಮೈಲಿ ಆಚೆ ಅದೇ ಹುಚ್ಚು ಹಿಡಿಸಿಕೊಂಡವರು ತಂತಮ್ಮ ಮನೆಯಲ್ಲಿ ಕೂತು ಕೇಳಿಸಿಕೊಂಡು ಉತ್ತರ ಕೊಡುತ್ತಾರೆ.

ಈ ಪೆಟ್ಟಿಗೆಯನ್ನು ಕಂಡರೆ ಲಿಫ್ಟಣ್ಣನಿಗೆ ಜೀವ ಬಾಯಿಗೆ ಬರುತ್ತದೆ. ಅದರ ಧೂಳನ್ನು ಅವನು ಮಾರು ದೂರದಲ್ಲಿ ನಿಂತು ಉದ್ದ ಹಿಡಿಕೆಯ ಕುಂಚದಿಂದ ಹೊಡೆಯುತ್ತಾನೆ. ಅದನ್ನು ಹಚ್ಚುವುದು ವರ್ಷಕ್ಕೆ ಒಂದೇ ದಿನ. ಆರಿಸಿದ ಮೇಲೆ ಕೋಣೆಗೆ ಬೀಗ ಹಾಕಿದರೆ ಮಾರನೆಯ ದಿನದವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಸ್ವತಃ ತಾನೂ ಹೋಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಿನ ವಿಚಿತ್ರವೆಂದರೆ, ಪೆಟ್ಟಿಗೆ ಮನೆಗೆ ಬಂದು ಹದಿನಾಲ್ಕು ವರ್ಷವಾದರೂ ಅವನು ಒಂದು ಸಲವೂ ಅದರ ಮೇಲ್ಮುಚ್ಚಳ ತೆಗೆದಿಲ್ಲ. ರೇಡಿಯೋ ಹುಚ್ಚಿನವರ ಪೈಕಿ ಇದು ಕೇಳಿ ಅರಿಯದ ಮಾತು. ಹಳೆಯ ಸೆಟ್ಟೊಂದು ಕೈಗೆ ಸಿಕ್ಕ ದಿನವೇ ಸ್ಕ್ರೂ ಬಿಚ್ಚಿ ಒಳಗೆ ಮೂಗು ತೂರಿಸದಿದ್ದರೆ ಆ ಜಾತಿಯವರಿಗೆ ಊಟ ಸೇರುವುದಿಲ್ಲ.

ಪೆಟ್ಟಿಗೆ ಮೇಷ್ಟ್ರದು. ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ವಿದ್ಯುತ್ ಪಾಠ ಹೇಳುತ್ತಿದ್ದವರು; ಲಿಫ್ಟಣ್ಣ ಅವರ ಶಿಷ್ಯನಾಗಿ ಒಳಗೆ ಹೋಗಿ ಮನೆಮಗನಾಗಿ ಹೊರಗೆ ಬಂದವನು. ಕೆಲಸ ಸಿಕ್ಕ ಮೇಲೂ ಪ್ರತಿ ಭಾನುವಾರ ಅವರ ಮನೆಯ ಮಹಡಿಯ ಕೋಣೆಯಲ್ಲೇ ಠಿಕಾಣಿ. ಅವರ ಹೆಂಡತಿಯನ್ನು ಅವನು ಅಕ್ಕ ಎಂದು ಕರೆಯುತ್ತಿದ್ದ. ಅಕ್ಕ ತಂತಿ ಕಚೇರಿಯಲ್ಲಿ ಮೋರ್ಸ್ ಕಳಿಸುತ್ತಿದ್ದವರು, ಬೆಸುಗೆ ಹಾಕುವುದರಲ್ಲಿ ಗಂಡನನ್ನು ಮೀರಿಸಿದವರು. ಆ ಮನೆಯಲ್ಲಿ ಮಾತು ಮೇಷ್ಟ್ರದು, ಕೆಲಸ ಅಕ್ಕನದು ಎಂದು ಸ್ನೇಹಿತರು ಛೇಡಿಸುತ್ತಿದ್ದರು. ಮೇಷ್ಟ್ರು ಅದಕ್ಕೂ ಒಂದು ಗಂಟೆ ಉತ್ತರ ಕೊಡುತ್ತಿದ್ದರು.

ಇಂಥ ಟ್ರಾನ್ಸ್‌ಮಿಟರ್ ಆರಿಸಿದ ಮೇಲೂ ಕೊಲ್ಲಬಲ್ಲದು. ಒಳಗಿನ ದೊಡ್ಡ ಕೆಪಾಸಿಟರುಗಳು ಕರೆಂಟನ್ನು ನುಂಗಿಕೊಂಡು ಕೂತಿರುತ್ತವೆ. ಅದನ್ನು ಮೆಲ್ಲಗೆ ಬರಿದು ಮಾಡಲೆಂದೇ ಬೆರಳುದ್ದದ ಒಂದು ರೆಸಿಸ್ಟರ್ ಹಾಕಿರುತ್ತಾರೆ. ಬುದ್ಧಿವಂತರು ಅದನ್ನೂ ನಂಬದೆ, ಮರದ ಕೋಲಿಗೆ ತಂತಿ ಕಟ್ಟಿ, ಆ ತಂತಿಯನ್ನು ಪೆಟ್ಟಿಗೆಯ ಮೈಗೆ ಸಿಕ್ಕಿಸಿ, ಕೋಲಿನ ತುದಿಯಿಂದ ಒಳಗೆ ಮುಟ್ಟಿಸಿ, ಚಟ್ ಎನ್ನುವುದು ಏನಾದರೂ ಇದೆಯೋ ನೋಡಿ ಆಮೇಲೆ ಕೈ ಹಾಕುತ್ತಾರೆ. ಮೇಷ್ಟ್ರಿಗೆ ಕೋಲು ಹಿಡಿಯುವುದೆಂದರೆ ಅವಮಾನ. "ನನ್ನ ರೆಸಿಸ್ಟರ್ ಇದೆ, ನನ್ನ ಬಾಯಿದೆ" ಎಂದು ಸ್ವಿಚ್ ಆರಿಸಿ ಗಟ್ಟಿಯಾಗಿ ಒಂದರಿಂದ ಮೂವತ್ತು ಎಣಿಸಿ ಕೈ ಹಾಕುವುದು ಅವರ ರೂಢಿ. ಅಷ್ಟರಲ್ಲಿ ಎಲ್ಲ ಬರಿದಾಗಿರುತ್ತಿತ್ತು.

ಹದಿನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ, ಆ ರೆಸಿಸ್ಟರ್ ಯಾಕೋ ಕಪ್ಪಾಗಿದೆಯಲ್ಲ ಎಂದು ಲಿಫ್ಟಣ್ಣನಿಗೆ ಅನುಮಾನ ಬಂತು. ಅಳೆದು ನೋಡಬೇಕಾದರೆ ಒಂದು ತುದಿ ಬಿಚ್ಚಲೇಬೇಕು. ಬಿಚ್ಚಿದ. ಮೀಟರ್ ಹಚ್ಚುವ ಮೊದಲೇ ಕೆಲಸದ ಕಡೆಯಿಂದ ಫೋನು: ಆಸ್ಪತ್ರೆಯ ಲಿಫ್ಟಿನಲ್ಲಿ ಬಾಣಂತಿಯೊಬ್ಬಳು ಸಿಕ್ಕಿಹಾಕಿಕೊಂಡಿದ್ದಾಳೆ, ಓಡಿ ಬಾ. ಅವನು ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಓಡಿದ. ಬಚ್ಚಲ ಬಾಗಿಲು ತಟ್ಟಿ "ಮೇಷ್ಟ್ರೇ, ಒಂದು ತುದಿ ಬಿಟ್ಟಿದೆ" ಎನ್ನಲು ಐದು ಸೆಕೆಂಡ್ ಸಾಕಿತ್ತು. ಆ ಐದು ಸೆಕೆಂಡನ್ನು ಅವನು ಅಂದಿನಿಂದ ಎಷ್ಟು ಸಾವಿರ ಸಲ ಎಣಿಸಿದ್ದಾನೋ ಲೆಕ್ಕವಿಲ್ಲ.

ಸಂಜೆ ಬಂದಾಗ ಮನೆ ತುಂಬ ಜನ. ಡಾಕ್ಟರು ಹೃದಯ ನಿಂತಿತು ಎಂದು ಬರೆದು ಹೋಗಿಯಾಗಿತ್ತು. ಎಲ್ಲರೂ ಕೆಳಗಿದ್ದರು. ಲಿಫ್ಟಣ್ಣ ಒಬ್ಬನೇ ಮಹಡಿ ಹತ್ತಿದ. ಮುಚ್ಚಳ ನೆಲದ ಮೇಲೆ, ಮೇಷ್ಟ್ರ ಕನ್ನಡಕ ಅದರ ಪಕ್ಕದಲ್ಲಿ, ರೆಸಿಸ್ಟರಿನ ಆ ಒಂದು ತುದಿ ಹಾಗೇ ಮೇಲೆದ್ದು ನಿಂತಿತ್ತು. ಆಗ ಅವನು ಮಾಡಿದ ಕೆಲಸವನ್ನು ಈ ಕತೆ ಹೇಳುವವನು ಬಣ್ಣ ಹಚ್ಚಿ ಹೇಳಲಾರ. ಅವನು ಆ ತುದಿಯನ್ನು ಮುಟ್ಟಲಿಲ್ಲ, ಯಾರನ್ನೂ ಕರೆಯಲಿಲ್ಲ. ಮುಚ್ಚಳ ಎತ್ತಿ ಮೇಲಿಟ್ಟು ಸ್ಕ್ರೂ ಬಿಗಿದ. ಮೂರೇ ಸ್ಕ್ರೂ ಸಿಕ್ಕವು. ನಾಲ್ಕನೆಯದಕ್ಕೆ ತನ್ನ ಚೀಲದಲ್ಲಿದ್ದ ಒಂದನ್ನು ಹುಡುಕಿ ಹಾಕಿ ಕೆಳಗಿಳಿದು ಬಂದು ಅಕ್ಕನ ಎದುರು ಕೂತು ಅತ್ತ. ಅತ್ತದ್ದೇನೋ ನಿಜವೇ.

ಎರಡು ವಾರ ಕಳೆದು ಅಕ್ಕ ಅವನನ್ನು ಕರೆಸಿ, "ಇದು ನಿನ್ನ ಹತ್ರಾನೇ ಇರ್ಲಿ. ವರ್ಷಕ್ಕೊಂದು ಸಲ ಹಚ್ಚಿ ಇದರ ದನಿ ಕೇಳಿಸು, ಅಷ್ಟು ಸಾಕು" ಎಂದರು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳಿಯಾರು. ಆಮೇಲೆ ಅಕ್ಕ ಮೂರು ಗಂಟೆ ಬಸ್ ದಾರಿಯ ಊರಿನಲ್ಲಿದ್ದ ತಂಗಿಯ ಮನೆಗೆ ಹೋದರು, ಪೆಟ್ಟಿಗೆ ಲಿಫ್ಟಣ್ಣನ ಮನೆಗೆ ಬಂತು. ಒಳಗೆ ಆ ತುದಿ ಹಾಗೇ ನಿಂತಿದೆ ಎಂಬುದು ಅವನಿಗೆ ಗೊತ್ತು. ಹಾಗಾಗಿ ಸ್ವಿಚ್ ಆರಿಸಿದ ಮೇಲೂ ಅದು ಹಲ್ಲು ಮಸೆಯುತ್ತಲೇ ಇರುತ್ತದೆ ಎಂಬುದೂ ಗೊತ್ತು. ಬಿಚ್ಚಿ ಸರಿಮಾಡಲು ಕಾಲು ಗಂಟೆಯ ಕೆಲಸ. ಆದರೆ ಸರಿಮಾಡಬೇಕಾದರೆ ನೋಡಬೇಕಲ್ಲ.

ವರ್ಷಕ್ಕೊಂದು ಸಲ ಎಂದರೆ 'ಹಳೇ ಡಬ್ಬಗಳ ಸ್ಪರ್ಧೆ'ಯ ದಿನ. ಅದನ್ನು ನಡೆಸುವವರು ಬೇಕರಿ ಇಟ್ಟುಕೊಂಡಿರುವ ಒಬ್ಬ ಹಿರಿಯರು, ಎಲ್ಲರಿಗೂ ಬೇಕರಿ ಮಾವ. ಒಂದು ಭಾನುವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ, ವಾಲ್ವಿನ ಸೆಟ್ಟುಗಳಲ್ಲಿ, ಮೋರ್ಸಿನಲ್ಲೇ ಮಾತಾಡಬೇಕು. ಸಿಕ್ಕವರೊಂದಿಗೆ ಕ್ರಮಸಂಖ್ಯೆಯನ್ನೂ ಸೆಟ್ಟಿನ ವಯಸ್ಸನ್ನೂ ಹಂಚಿಕೊಳ್ಳಬೇಕು. ಸೆಟ್ಟಿಗೆ ಎಷ್ಟು ವಯಸ್ಸೋ ಅಷ್ಟು ಅಂಕ. ಗೆದ್ದವರಿಗೆ ಮರದ ಹಲಗೆಗೆ ಅಂಟಿಸಿದ ಒಂದು ಸುಟ್ಟ ವಾಲ್ವು ಬಹುಮಾನ. ಈ ಕೆಲಸಕ್ಕೆ ಬಾರದ ಗಾಜಿನ ಬುರುಡೆಗಾಗಿ ಅರವತ್ತು ದಾಟಿದ ಗಂಡಸರು ತಿಂಗಳುಗಟ್ಟಲೆ ಮಾತು ಬಿಟ್ಟದ್ದುಂಟು.

ಅಕ್ಕ ಪ್ರತಿ ವರ್ಷ ತಂಗಿಯ ಮನೆಯಿಂದ, ತಮ್ಮದೇ ಚಿಕ್ಕ ವಾಲ್ವಿನ ಸೆಟ್ಟಿನಲ್ಲಿ, ಹನ್ನೊಂದು ಗಂಟೆಗೆ ಸರಿಯಾಗಿ ಲಿಫ್ಟಣ್ಣನನ್ನು ಕರೆಯುತ್ತಿದ್ದರು. ಪೆಟ್ಟಿಗೆಯ ನಾದಕ್ಕೆ ಬಿಕ್ಕಳಿಕೆಯಂಥ ಒಂದು ಎಳೆತವಿತ್ತು; ಕೀ ಒತ್ತಿದ ಕೂಡಲೇ ಸ್ವಲ್ಪ ಮೇಲೆದ್ದು ಆಮೇಲೆ ನಿಲ್ಲುತ್ತಿತ್ತು. ಕೇಳಿದವರೆಲ್ಲ "ಮೇಷ್ಟ್ರ ಸೆಟ್ಟು" ಎನ್ನುತ್ತಿದ್ದರು. ಸಂಖ್ಯೆ ಕೊಟ್ಟು ತೆಗೆದುಕೊಂಡ ಮೇಲೆ ಅಕ್ಕ ಸ್ವಲ್ಪ ತಡೆದು ಒಂದು ಪ್ರಶ್ನೆ ಕಳಿಸುತ್ತಿದ್ದರು: ಬೇರೆ ಏನಾದರೂ? ಲಿಫ್ಟಣ್ಣ 'ಏನಿಲ್ಲ ಅಕ್ಕ' ಎಂದು ಬಡಿಯುತ್ತಿದ್ದ. ಅಲ್ಲಿಗೆ ಮುಂದಿನ ವರ್ಷದವರೆಗೆ ಉಸಿರು. ಊರಿಗೆ ಬಾ ಎಂದು ಅವರು ಕರೆದಾಗಲೆಲ್ಲ ಯಾವುದೋ ಲಿಫ್ಟ್ ಕೆಟ್ಟಿರುತ್ತಿತ್ತು. ಆ ಊರಿನ ಬಸ್ಸು ಎದುರಿಗೆ ಬಂದರೂ ಅವನು ಮುಖ ತಿರುಗಿಸುತ್ತಿದ್ದ.

ಈ ವರ್ಷ ಸ್ಪರ್ಧೆಗೆ ವಾರವಿರುವಾಗ ಬೇಕರಿ ಮಾವ ಫೋನು ಮಾಡಿದರು. "ಅಕ್ಕಂಗೆ ಕಿವಿ ಪೂರ್ತಿ ಮಂದ ಆಗ್ತಾ ಇದೆಯಂತೆ ಕಣೋ. ಇದೇ ಕೊನೆ ಸಲ ಅಂದ್ರು. ನೀನು ಮಾತ್ರ ತಪ್ಪಿಸ್ಬೇಡ."

"ತಪ್ಪಿಸ್ತೀನಾ ಮಾವ" ಎಂದ ಲಿಫ್ಟಣ್ಣ. ಫೋನಿಟ್ಟ ಮೇಲೆ ಅವನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಇದೊಂದು ದಾಟಿದರೆ ಮುಗಿಯಿತು ಎಂಬ ಸಮಾಧಾನ. ಅದರ ಹಿಂದೆಯೇ ಆ ಸಮಾಧಾನಕ್ಕೆ ನಾಚಿಕೆ ಬಂತು, ನಾಚಿಕೆಯ ಹಿಂದೆ ಹೆದರಿಕೆ: ಕೊನೆಯ ಸಲವಾದ್ದರಿಂದ ಅಕ್ಕ ಬೇರೇನಾದರೂ ಕೇಳಿಬಿಟ್ಟರೆ?

ಭಾನುವಾರ ಎಂಟಕ್ಕೆ ಸ್ವಿಚ್ ಹಾಕಿದ. ವಾಲ್ವುಗಳು ಕಾದವು, ಪೆಟ್ಟಿಗೆ ಎಂದಿನ ಹಾಗೆ ಗುಂಯ್ ಎಂದಿತು. ಹತ್ತೂಕಾಲರ ಹೊತ್ತಿಗೆ ಮೂವತ್ತೊಂದು ಜನ ಸಿಕ್ಕಿದ್ದರು. ಲಿಫ್ಟಣ್ಣನಿಗೆ ಅಂಕದ ಮೇಲೆ ಗಮನವಿರಲಿಲ್ಲ. ಅವನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಹತ್ತೂ ಇಪ್ಪತ್ತಕ್ಕೆ ಮೇಣ ಕರಗಿದ ವಾಸನೆ ಬಂತು. ಒಳಗೆ ಟಪ್ ಎಂದಿತು, ವಾಲ್ವುಗಳು ಕಪ್ಪಾದವು. ಪೆಟ್ಟಿಗೆಯ ಹಿಂಬದಿಗಿದ್ದ ಫ್ಯೂಸ್ ಹೋಗಿತ್ತು. ಹೊಸದು ಹಾಕಿದ, ಅದೂ ಹೋಯಿತು. ಇನ್ನೊಂದು ಹಾಕಿದ, ಅದೂ ಅದೇ ದಾರಿ ಹಿಡಿಯಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ವಾಸನೆಗೆ ಮೂಗು ಚುರುಕು. "ಏನ್ರೀ ಸುಟ್ಟಿದ್ದು?"

"ಸೆಟ್ಟು. ಕೆಟ್ಟೋಯ್ತು" ಎಂದ ಲಿಫ್ಟಣ್ಣ. ದನಿಯಲ್ಲಿ ಒಂದು ಹಗುರ ಇತ್ತು, ಅದನ್ನು ಅವಳು ಗಮನಿಸಿದಳು.

"ಹಾಗಾದ್ರೆ ಮಾವಂಗೆ ಫೋನ್ ಮಾಡಿ ಹೇಳ್ಬಿಡಿ. ಅಕ್ಕ ಕಾಯ್ತಾ ಇರ್ತಾರೆ."

ಫೋನು ಕೈಗೆ ತೆಗೆದುಕೊಂಡ. ಆದರೆ ಪಕ್ಕದ ರಿಸೀವರ್ ಕೆಟ್ಟಿರಲಿಲ್ಲ. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಅದರಲ್ಲಿ ಒಂದು ತೆಳ್ಳಗಿನ ನಾದ ಎದ್ದಿತು. ತಂತಿ ಕಚೇರಿಯ ಕೈ, ಒಂದು ಚುಕ್ಕೆಯೂ ಆಚೀಚೆ ಆಗದ ಕೈ. ಅಕ್ಕ ಅವನ ಕರೆಹೆಸರನ್ನು, ಲೈಸೆನ್ಸಿನ ಜೊತೆ ಸಿಕ್ಕಿದ್ದ ರೇಡಿಯೋ ಗುರುತನ್ನು, ಕಳಿಸುತ್ತಿದ್ದರು. ನಿಂತು ಕೇಳಿಸಿಕೊಂಡರು. ಮತ್ತೆ ಕಳಿಸಿದರು. ಯಾರೋ ಅಂಕದ ಆಸೆಗೆ ನಡುವೆ ಅವರನ್ನು ಕರೆದರೆ, 'ಆಮೇಲೆ' ಎಂದು ಒಂದೇ ಮಾತಿನಲ್ಲಿ ಸರಿಸಿ ಮತ್ತೆ ಇವನನ್ನೇ ಕರೆದರು. ಇವನಿಗೆ ಎಲ್ಲ ಕೇಳಿಸುತ್ತಿದೆ, ಉತ್ತರ ಕೊಡಲು ಪೆಟ್ಟಿಗೆ ಸತ್ತಿದೆ. ಸತ್ತಿದೆ ಎಂದು ಫೋನಿನಲ್ಲಿ ಹೇಳಿಸಬಹುದು. ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಮಂದವಾಗುತ್ತಿರುವ ಕಿವಿಯಲ್ಲಿ ಆ ಬಿಕ್ಕಳಿಕೆಯ ನಾದವನ್ನು ಹುಡುಕುತ್ತಿರುವ ಮುದುಕಿಗೆ, ಇನ್ನು ಯಾವತ್ತೂ ಇಲ್ಲ ಎಂದು ಮೂರನೆಯವರು ಹೇಳಬೇಕು.

ಹನ್ನೊಂದು ದಾಟಿತು. ಅಕ್ಕ ಕರೆಯುವುದನ್ನು ನಿಲ್ಲಿಸಲಿಲ್ಲ.

ಲಿಫ್ಟಣ್ಣ ಫೋನು ಕೆಳಗಿಟ್ಟ. "ಆ ಮರದ ಕೋಲಿನ ಪೊರಕೆ ತಗೊಂಡ್ಬಾ. ಒಣಗಿರ್ಬೇಕು."

"ಯಾಕೆ?"

"ಮುಚ್ಚಳ ತೆಗೀತೀನಿ."

ಅವಳು ಅವನ ಮುಖ ನೋಡಿದಳು. ಅದು ಸುಣ್ಣದ ಗೋಡೆಯಂತಾಗಿತ್ತು. "ಹನ್ನೊಂದನೇ ಮಹಡೀಲಿ ಜೋತಾಡೋ ಮನುಷ್ಯ ನೀವು. ಇದನ್ನ ಕಂಡ್ರೆ ಯಾಕ್ರೀ ಹಿಂಗಾಡ್ತೀರಾ?"

"ಮೇಷ್ಟ್ರು ಹೃದಯ ನಿಂತು ಹೋಗಿದ್ದಲ್ಲ" ಎಂದ ಲಿಫ್ಟಣ್ಣ. ಹದಿನಾಲ್ಕು ವರ್ಷ ಮುಚ್ಚಿಟ್ಟದ್ದು ನಾಲ್ಕು ವಾಕ್ಯದಲ್ಲಿ ಹೊರಗೆ ಬಂತು. ರೆಸಿಸ್ಟರಿನ ತುದಿ ಬಿಚ್ಚಿದ್ದು, ಹೇಳದೆ ಓಡಿದ್ದು, ಅವರು ಮೂವತ್ತು ಎಣಿಸಿ ಕೈ ಹಾಕಿದ್ದು, ತಾನು ಮುಚ್ಚಳ ಮುಚ್ಚಿದ್ದು.

ಹೆಂಡತಿ ಹೋಗಿ ಪೊರಕೆ ತಂದಳು. ಬರಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು, ಕಣ್ಣು ಒರೆಸಿಕೊಂಡ ಗುರುತಿತ್ತು. "ಮೇನ್ ಸ್ವಿಚ್ಚೂ ಆರಿಸ್ಬಂದಿದೀನಿ" ಎಂದು ಹೇಳಿ ಗೋಡೆಗೆ ಒರಗಿ ನಿಂತಳು. ರಿಸೀವರ್ ಕೂಡ ಮೌನವಾಯಿತು. ಅಕ್ಕ ಇನ್ನೂ ಕರೆಯುತ್ತಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ.

ಅವನು ಪೊರಕೆಯ ಕೋಲಿನ ತುದಿಗೆ ತಾಮ್ರದ ತಂತಿ ಸುತ್ತಿದ, ತಂತಿಯ ಇನ್ನೊಂದು ಕೊನೆಯನ್ನು ಪೆಟ್ಟಿಗೆಯ ಮೈಗೆ ಕಚ್ಚಿಸಿದ. ನಾಲ್ಕು ಸ್ಕ್ರೂ ಬಿಚ್ಚಲು ನಾಲ್ಕು ಯುಗ ಹಿಡಿಯಿತು. ಸ್ಕ್ರೂಡ್ರೈವರ್ ಮೂರು ಸಲ ಜಾರಿತು. ಒಂದು ಸ್ಕ್ರೂ ಮೇಜಿನಿಂದ ಉರುಳಿ ನೆಲಕ್ಕೆ ಬಿದ್ದ ಸದ್ದಿಗೆ ಗಂಡ ಹೆಂಡತಿ ಇಬ್ಬರೂ ಬೆಚ್ಚಿದರು. ಎಡಗೈಯನ್ನು ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡ. ಎರಡೂ ಕೈ ಹೊರಗಿದ್ದರೆ ಕರೆಂಟು ಒಂದರಿಂದ ಹತ್ತಿ ಎದೆ ದಾಟಿ ಇನ್ನೊಂದರಿಂದ ಇಳಿಯುತ್ತದೆ ಎಂದು ಮೇಷ್ಟ್ರೇ ಕಲಿಸಿದ್ದು. ಬಲಗೈಯಿಂದ ಮುಚ್ಚಳ ಸರಿಸಿದ. ಕಣ್ಣು ಮುಚ್ಚಿಕೊಂಡೇ ಸರಿಸಿದ ಎನ್ನಬೇಕು. ಕೋಲನ್ನು ಮುಂದೆ ಚಾಚಿ, ಚಟಾರ್ ಎನ್ನುವ ಸಿಡಿತಕ್ಕೆ ಹಲ್ಲು ಕಚ್ಚಿ ಕಾದು, ಕೆಪಾಸಿಟರಿನ ತಲೆಗೆ ಮುಟ್ಟಿಸಿದ.

ಏನೂ ಆಗಲಿಲ್ಲ.

ಮತ್ತೆ ಮುಟ್ಟಿಸಿದ. ಒಂದು ಕಿಡಿಯೂ ಇಲ್ಲ. ಆ ಸದ್ದಿಲ್ಲದಿರುವಿಕೆ ಸಿಡಿತಕ್ಕಿಂತ ಹೆಚ್ಚಾಗಿ ಅವನನ್ನು ನಡುಗಿಸಿತು. ಬರಿದಾಗಿದೆ ಎಂದರೆ ಬರಿದು ಮಾಡಿದ್ದು ಯಾವುದು?

ಟಾರ್ಚ್ ಹಾಕಿ ನೋಡಿದ. ಮೇಲೆದ್ದು ನಿಂತ ತುದಿ ಅಲ್ಲಿರಲಿಲ್ಲ. ಆ ಕಪ್ಪಾದ ಹಳೆಯ ರೆಸಿಸ್ಟರೇ ಇರಲಿಲ್ಲ. ಅದೇ ಜಾಗದಲ್ಲಿ ಹೊಸದೊಂದು ಕೂತಿತ್ತು, ಎರಡೂ ತುದಿಗೆ ಅಚ್ಚುಕಟ್ಟಾದ, ಹೊಳೆಯುವ ಬೆಸುಗೆ. ಪಕ್ಕದ ತಗಡಿಗೆ ದಾರದಿಂದ ಕಟ್ಟಿದ ಒಂದು ಮಡಿಸಿದ ಕಾಗದ. ಬಿಸಿಗೆ ಕಂದುಬಣ್ಣಕ್ಕೆ ತಿರುಗಿತ್ತು. ಮೇಲೆ ಹದಿನಾಲ್ಕು ವರ್ಷದ ಹಿಂದಿನ ತಾರೀಖು, ಪೆಟ್ಟಿಗೆ ಅವನ ಮನೆಗೆ ಬರುವುದಕ್ಕೆ ಎರಡು ದಿನ ಮೊದಲಿನದು.

ಅಕ್ಕನ ಅಕ್ಷರ. "ಇದರ ಒಂದು ತುದಿ ಬಿಟ್ಟಿತ್ತು. ಮುಚ್ಚಳಕ್ಕೆ ಎಷ್ಟೋ ವರ್ಷದಿಂದ ಮೂರೇ ಸ್ಕ್ರೂ, ನಾಲ್ಕನೆಯದು ನಿನ್ನ ಲಿಫ್ಟಿನದು. ಹಾಗಾಗಿ ನನಗೆ ಗೊತ್ತಾಯಿತು. ಯಾರಿಗೂ ಹೇಳಿಲ್ಲ. ಹೊಸದು ಹಾಕಿದ್ದೇನೆ, ನಿನಗೆ ಏನೂ ಆಗಬಾರದು. ಇವತ್ತೋ ನಾಳೆಯೋ ಮುಚ್ಚಳ ತೆಗೆದೇ ತೆಗೆಯುತ್ತೀಯ. ಓದಿದ ಮೇಲೆ ಬಂದು ನಿನ್ನ ಬಾಯಿಂದಲೇ ಒಂದು ಮಾತು ಹೇಳು. ನಾನಾಗಿ ಕೇಳುವುದಿಲ್ಲ."

ಲಿಫ್ಟಣ್ಣ ಎರಡು ಸಲ ಓದಿದ. ಮೊದಲ ಸಲ ಓದಿದಾಗ ಅಕ್ಕನಿಗೆ ಗೊತ್ತು ಎಂಬುದಷ್ಟೇ ತಲೆಗೆ ಹೋಯಿತು. ಎರಡನೆಯ ಸಲ ಉಳಿದದ್ದೆಲ್ಲ ಹೋಯಿತು. ಇವನು ಓದಿದ್ದಾನೆ ಎಂದೇ ಅವರು ತಿಳಿದಿದ್ದರು. ಸೆಟ್ಟು ಸಿಕ್ಕಿಯೂ ಮುಚ್ಚಳ ತೆಗೆಯದ ರೇಡಿಯೋದವನು ಇರುತ್ತಾನೆಂದು ಯಾರು ತಾನೇ ನಂಬುತ್ತಾರೆ? ಓದಿಯೂ ತುಟಿಪಿಟಕ್ಕೆನ್ನದೆ ಕೂತ ಕಟುಕ ಎಂದುಕೊಂಡೇ ಹದಿನಾಲ್ಕು ವರ್ಷ ಅವನನ್ನು ಕರೆದಿದ್ದರು, ಹದಿನಾಲ್ಕು ಸಲ 'ಬೇರೆ ಏನಾದರೂ?' ಎಂದಿದ್ದರು. ಅದು ಉಪಚಾರದ ಮಾತಾಗಿರಲಿಲ್ಲ. ಒಂದು ಬಾಗಿಲನ್ನು ಓರೆ ಮಾಡಿ ಹಿಡಿದು ನಿಂತಿದ್ದರು. ಅವನು ಪ್ರತಿ ವರ್ಷ 'ಏನಿಲ್ಲ ಅಕ್ಕ' ಎಂದು ಅದನ್ನು ಅವರ ಮುಖದ ಮೇಲೆ ಹಾಕಿದ್ದ.

ಕಾಗದ ಹೆಂಡತಿಯ ಕೈಗೆ ಹೋಗಿತ್ತು. ಓದಿ ಮುಗಿಸಿ ಅವಳು, "ಬೇಗ ಸರಿ ಮಾಡ್ರಿ" ಎಂದಷ್ಟೇ ಹೇಳಿದಳು.

ಕೆಟ್ಟದ್ದು ನಾಲ್ಕು ಕಾಸು ಬೆಲೆಯ ಒಂದು ಭಾಗ. ಮೇನ್ಸ್ ತಂತಿ ಒಳಗೆ ಬರುವ ಜಾಗದಲ್ಲಿ ಮೇಣದ ಹೊದಿಕೆಯ ಪುಟ್ಟ ಕೆಪಾಸಿಟರೊಂದು ಒಡೆದು ಕರಗಿತ್ತು. ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಕತ್ತರಿಸಿ ಎಸೆದ. ಹೊಸ ಫ್ಯೂಸ್ ಹಾಕಿ ಮುಚ್ಚಳವನ್ನು ಮೇಲಿಟ್ಟ. ಹೆಂಡತಿ ಹೋಗಿ ಮೇನ್ ಹಾಕಿದಳು. ವಾಲ್ವುಗಳು ಕಾಯುವ ಆ ಒಂದು ನಿಮಿಷದಲ್ಲಿ ಲಿಫ್ಟಣ್ಣನಿಗೆ ಒಂದೇ ಹೆದರಿಕೆ, ಇಷ್ಟು ವರ್ಷ ಪಟ್ಟ ಹೆದರಿಕೆಗೆ ತಿರುಗುಮುರುಗಾದದ್ದು: ಅಕ್ಕ ಎದ್ದು ಹೋಗಿಬಿಟ್ಟಿದ್ದರೆ?

ಹನ್ನೊಂದೂ ಮೂವತ್ತೈದು. ರಿಸೀವರ್ ಬಿಸಿಯಾಗಿ ಗೊರಗೊರ ಎಂದಿತು. ತುಂಬ ಜನರ ಗದ್ದಲ. ಅದರ ಅಡಿಯಲ್ಲಿ, ಮೊದಲಿಗಿಂತ ನಿಧಾನವಾಗಿ, ಕೈ ಸೋತಿದೆ ಎಂದು ತಿಳಿಯುವ ಹಾಗೆ, ಅವನ ಕರೆಹೆಸರು.

ಲಿಫ್ಟಣ್ಣ ಉತ್ತರಿಸಿದ. ಪೆಟ್ಟಿಗೆ ಬಿಕ್ಕಳಿಸಿತು. ಗದ್ದಲ ತಾನಾಗಿ ತಗ್ಗಿತು. ಮೇಷ್ಟ್ರ ಸೆಟ್ಟು ಬಂತೆಂದರೆ ಉಳಿದವರು ಜಾಗ ಬಿಡುವುದುಂಟು. ಅಕ್ಕ ಏನೂ ಆಗದವರ ಹಾಗೆ ಸಂಖ್ಯೆ ಕಳಿಸಿದರು, ಇವನೂ ಕಳಿಸಿದ. ಕ್ರಮಸಂಖ್ಯೆ ಮೂವತ್ತೆರಡು, ವಯಸ್ಸು ಅರವತ್ತೊಂದು. ಸ್ವಲ್ಪ ತಡೆದು ಆ ಪ್ರಶ್ನೆ ಬಂತು. ಬೇರೆ ಏನಾದರೂ?

ಇಡೀ ಸ್ಪರ್ಧೆಯೇ ಕೇಳಿಸಿಕೊಳ್ಳುತ್ತಿತ್ತು. ಇಲ್ಲಿ ಕಿವಿಯಲ್ಲಿ ಹೇಳುವ ಮಾತು ಎಂಬುದಿಲ್ಲ. ಲಿಫ್ಟಣ್ಣ ಒಂದೊಂದೇ ಅಕ್ಷರವಾಗಿ ಬಡಿದ. 'ಮುಚ್ಚಳ ತೆಗೆದೆ. ಇವತ್ತೇ ಮೊದಲು.'

ಅಕ್ಕನ ಉತ್ತರ, 'ಸುಳ್ಳು.'

'ಅಲ್ಲ ಅಕ್ಕ. ಹೆದರಿ ತೆಗೆದಿರಲಿಲ್ಲ. ಇವತ್ತು ಓದಿದೆ.' ಎರಡು ಅಕ್ಷರ ತಪ್ಪಿತು, ತಿದ್ದಿ ಮತ್ತೆ ಕಳಿಸಿದ. 'ತುದಿ ಬಿಚ್ಚಿದ್ದು ನಾನು. ಹೇಳದೆ ಓಡಿದ್ದು ನಾನು. ಮುಚ್ಚಿಟ್ಟದ್ದು ನಾನು.'

ಇದಾದ ಮೇಲಿನ ಮೌನ ಎಷ್ಟು ಉದ್ದವಿತ್ತೆಂದರೆ, ಎಲ್ಲೋ ಯಾರೋ ಅರ್ಥವಾಗದೆ ಸ್ಪರ್ಧೆಯ ಕರೆ ಶುರು ಮಾಡಿದರು, ಬೇಕರಿ ಮಾವನ ಭಾರದ ಕೈ ಅವರನ್ನು 'ಸುಮ್ಮನಿರು' ಎಂದು ಗದರಿಸಿತು. ಹೆಂಡತಿ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಅವಳಿಗೆ ಮೋರ್ಸ್ ಬರುವುದಿಲ್ಲ, ಮೌನ ಅರ್ಥವಾಗುತ್ತದೆ.

ತೆಳ್ಳಗಿನ ನಾದ ಮತ್ತೆ ಎದ್ದಿತು. ಆ ಕೈ ಈಗ ತಂತಿ ಕಚೇರಿಯ ಕೈಯಾಗಿರಲಿಲ್ಲ, ಚುಕ್ಕೆಗಳು ಮುಗ್ಗರಿಸುತ್ತಿದ್ದವು. 'ಓದಿಯೂ ಸುಮ್ಮನಿದ್ದೀಯ ಅಂದುಕೊಂಡಿದ್ದೆ. ಅವರು ಹೋದದ್ದಕ್ಕಿಂತ ಅದು ಹೆಚ್ಚು ನೋಯುತ್ತಿತ್ತು.' ನಿಂತಿತು. ಮತ್ತೆ, 'ಬಾ. ಎದುರಿಗೆ ಕೂರಿಸಿ ಬಯ್ಯಬೇಕು.'

'ನಾಳೆ ಬರಲಾ?'

'ಇವತ್ತು.'

ಹನ್ನೆರಡೂವರೆಯ ಬಸ್ಸಿಗೆ ಲಿಫ್ಟಣ್ಣ ಹತ್ತಿದ. ತಾನೂ ಬರುತ್ತೇನೆ ಎಂದ ಹೆಂಡತಿಗೆ, "ಬೈಸ್ಕೊಳ್ಳೋನು ನಾನೊಬ್ನೇ ತಾನೆ" ಎಂದಿದ್ದ. ಮೂರು ಗಂಟೆಯ ದಾರಿಯುದ್ದಕ್ಕೂ ಮುದುಡಿಕೊಂಡು ಕೂತಿದ್ದ. ಪಕ್ಕದಲ್ಲಿ ಕೂತ ಹೆಂಗಸು ಜ್ವರವೇನೋ ಎಂದುಕೊಂಡು ಕಿಟಕಿ ಮುಚ್ಚಿದಳು. ಎರಡು ಊರಿನಲ್ಲಿ ಬಸ್ಸು ನಿಂತಾಗ ಇಳಿದುಬಿಡಲೇ ಎನಿಸಿತು. ಇಳಿಯಲಿಲ್ಲ. ಅಕ್ಕ ಬಯ್ಯುತ್ತಾರೆ ಎಂಬ ಹೆದರಿಕೆಯಿರಲಿಲ್ಲ ಅವನಿಗೆ. ಬಯ್ಯದೆ ಸುಮ್ಮನೆ ನೋಡಿಬಿಟ್ಟರೆ ಏನು ಮಾಡುವುದು ಎಂದು ಹೆದರಿದ್ದ.

ಮನೆ ಕೇಳಿ ಹುಡುಕಬೇಕಾಯಿತು, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದವನಲ್ಲ. ನೀಲಿ ಬಾಗಿಲು. ತಟ್ಟುವ ಮೊದಲೇ ತೆರೆಯಿತು. ಅಕ್ಕ ತೀರ ಸಣ್ಣಗಾಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ಹೆಡ್‌ಫೋನ್ ಒತ್ತಿದ ಕೆಂಪು ಗುರುತು ಕಿವಿಯ ಬಳಿ ಇನ್ನೂ ಇತ್ತು. ಅವರು ಮೊದಲು ಅವನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಎಲ್ಲಾದರೂ ಸುಟ್ಟಿದೆಯೋ ಎಂದು. ಆಮೇಲೆ ಮುಖ ನೋಡಿದರು.

"ಯಾಕೋ ಇಷ್ಟು ತಡ ಮಾಡ್ದೆ?"

ಬಸ್ಸು ಸರಿಯಾದ ಹೊತ್ತಿಗೇ ಬಂದಿತ್ತು. ಲಿಫ್ಟಣ್ಣ ಹೊಸ್ತಿಲ ಮೇಲೇ ಕುಸಿದು ಕೂತ. ಅಕ್ಕ ಅವನ ತಲೆಯ ಮೇಲೊಂದು ಬಲವಾಗಿ ಮೊಟಕಿ, ಅವನ ಪಕ್ಕದಲ್ಲೇ ಕೂತು, ಬಯ್ಯಲು ಶುರು ಮಾಡಿದರು.